ಆರಿದ್ದು ನಿಮ್ಮದೊಂದೇನಾ, ಬೀದಿ ಪೂರ್ತೀನಾ?

ಬೆಳಗಿನ ಜಾವ. ಮರುಭೂಮಿಯಿಂದ ಬೀಸುವ ಹರ್ಮಟ್ಟಾನ್ ಗಾಳಿ ಟೆಚಿಮಾನ್ ಊರಿನ ಮೇಲೆಲ್ಲ ಸಣ್ಣ ಧೂಳು ಉದುರಿಸಿ ಹೋಗಿದೆ. ಕೊಕೊ ಎನ್ನುವ ಸಜ್ಜೆ ಗಂಜಿ ಮಾರುವಾಕೆಯ ಒಲೆ ಹೊತ್ತಿಕೊಂಡಿದೆ, ಗೆಣಸು ಹೇರಿದ ಲಾರಿಗಳು ಮುಲುಗುತ್ತ ಮಾರುಕಟ್ಟೆಯ ಕಡೆ ಹೋಗುತ್ತಿವೆ. ಬುಕಾರಿಯ ಪಂಕ್ಚರ್ ಅಂಗಡಿಯ ಮುಂದೆ, ಬಿಚ್ಚಿಟ್ಟ ಲಾರಿ ಚಕ್ರಗಳ ನಡುವೆ, ಹೆಂಗಸೊಬ್ಬರು ಕುಕ್ಕರಗಾಲಲ್ಲಿ ಕೂತಿದ್ದಾರೆ. ಮೂಗು ಬಾಯಿಗೆ ತಲೆವಸ್ತ್ರ ಸುತ್ತಿಕೊಂಡಿದ್ದಾರೆ. ಎದುರಿಗೆ ಹೊಟ್ಟೆ ಬಿಚ್ಚಿದ ಕಂಪ್ಯೂಟರ್. ಕೈಯಲ್ಲಿ ಟೈರಿಗೆ ಗಾಳಿ ಹೊಡೆಯುವ ಪೈಪು.

"ಮೆಲ್ಲಗೆ ಬಿಡು ಬುಕಾರಿ, ಇದು ಲಾರಿ ಟೈರಲ್ಲ!"

"ಗಾಳಿಗೇನ್ ಗೊತ್ತು ಮಾಸ್ಟರ್, ಯಾರ ಹೊಟ್ಟೆಗೆ ಹೋಗ್ತಿದೀನಿ ಅಂತ" ಎನ್ನುತ್ತ ಬುಕಾರಿ ತಿರುಪು ತಿರುಗಿಸುತ್ತಾರೆ.

ಫುಸ್ಸೆಂದು ಗಾಳಿ ನುಗ್ಗುತ್ತದೆ. ಪೆಟ್ಟಿಗೆಯೊಳಗಿಂದ ಧೂಳಿನ ಮೋಡವೇಳುತ್ತದೆ, ಕಡಲೆಕಾಯಿ ಸಿಪ್ಪೆ ಹಾರುತ್ತದೆ, ಕೊನೆಗೆ ಒಂದು ಹಲ್ಲಿ ಜೀವಸಹಿತ ಓಡಿಹೋಗಿ ಚಕ್ರದಡಿ ಸೇರುತ್ತದೆ. "ಬಾಡಿಗೆ ಕೊಡದೆ ಇದ್ದವರೆಲ್ಲ ಖಾಲಿ ಮಾಡಿ" ಎಂದು ಆಕೆ ಹಲ್ಲಿಗೆ ಹೇಳಿ, ಪೆಟ್ಟಿಗೆ ಮುಚ್ಚಿ ಕಂಕುಳಿಗೆ ಸೇರಿಸಿಕೊಂಡು ಪಕ್ಕದ ತಮ್ಮ ಅಂಗಡಿಗೆ ನಡೆಯುತ್ತಾರೆ.

ಇವರು ಅಕುವಾ ಡುಫಿಯೆ. ಅಂಗಡಿ ಎಂದರೆ ನೀಲಿ ಬಣ್ಣ ಬಳಿದ, ಹಡಗಿನ ಹಳೆಯ ಸರಕು ಕಂಟೇನರ್. ಮೇಲೆ 'ತಾಳ್ಮೆ ಇರಲಿ ಕಂಪ್ಯೂಟರ್ಸ್' ಎಂದು ಬರೆದಿದೆ. ಬಾಗಿಲಿಗೆ ಒಂದು ಬೆಂಚು, ಒಳಗೆ ರೋಗಿಗಳಂತೆ ಗೋಡೆಗೊರಗಿ ಕೂತ ಪೆಟ್ಟಿಗೆಗಳು. ಈ ಬೀದಿಯ ಶಾಲೆ, ಔಷಧದಂಗಡಿ, ಗೆಣಸಿನ ವ್ಯಾಪಾರಿಗಳ ಸಂಘ, ಎರಡು ಚರ್ಚು, ಒಂದು ಮಸೀದಿ, ಎಲ್ಲರ ಕಂಪ್ಯೂಟರುಗಳೂ ಕೆಟ್ಟಾಗ ಬರುವುದು ಇಲ್ಲಿಗೇ. ಆದರೂ ಮೊದಲ ಸಲ ಬಂದವರು ಬಾಗಿಲಲ್ಲಿ ನಿಂತು ಕೇಳುವುದು ಒಂದೇ ಮಾತು: "ಮಾಸ್ಟರ್ ಎಲ್ಲಿ?"

"ಊಟಕ್ಕೆ ಹೋಗಿದಾರೆ. ಅವರು ಬರೋ ಅಷ್ಟರಲ್ಲಿ ನಾನೇ ಒಂಚೂರು ನೋಡಿರ್ತೀನಿ, ಇಟ್ಟುಹೋಗಿ" ಎನ್ನುತ್ತಾರೆ ಡುಫಿಯೆ. ಅಂಗಡಿ ತೆರೆದಾಗಿನಿಂದ ಆ ಮಾಸ್ಟರ್ ಊಟದಿಂದ ವಾಪಸ್ಸಾಗಿಲ್ಲ. ಬುಕಾರಿ ಆಕೆಯನ್ನು ಮಾಸ್ಟರ್ ಎಂದು ಕರೆಯುವುದು ಅದಕ್ಕೇ.

ಡುಫಿಯೆ ಹೊಲಿಗೆ ಕಲಿಯಲು ಹೋದವರು. ಬಟ್ಟೆಗಿಂತ ಹೊಲಿಗೆ ಯಂತ್ರ ಬಿಚ್ಚುವುದರಲ್ಲೇ ಮನಸ್ಸು ಎಂದು ಕಲಿಸುವಾಕೆ ಬೈದು ಕಳಿಸಿದರು. ಆಮೇಲೆ ಬಸ್ ನಿಲ್ದಾಣದ ಹತ್ತಿರದ ಇಂಟರ್ನೆಟ್ ಅಂಗಡಿಯಲ್ಲಿ ಕೆಲಸ. ಎಲ್ಲರ ಕೈಗೂ ಮೊಬೈಲ್ ಬಂದು ಆ ಅಂಗಡಿ ಮುಚ್ಚಿದಾಗ, ಸಂಬಳದ ಬದಲಿಗೆ ಸಿಕ್ಕಿದ್ದು ಒಂದಷ್ಟು ಹಳೆಯ ಪೆಟ್ಟಿಗೆಗಳು. "ಒಂದರ ಕಾಲು ಇನ್ನೊಂದಕ್ಕೆ, ಒಂದರ ಕಣ್ಣು ಇನ್ನೊಂದಕ್ಕೆ ಹಾಕ್ತಾ ಕಲಿತೆ. ಬದುಕಿಸಿದ್ದಕ್ಕಿಂತ ಸಾಯಿಸಿದ್ದೇ ಜಾಸ್ತಿ" ಎಂದು ನಗುತ್ತಾರೆ.

ಫೋನ್ ಬಂದರೆ ಡುಫಿಯೆ ಹಲೋ ಎನ್ನುವುದಿಲ್ಲ. ಎತ್ತಿದ ಕೂಡಲೇ ಕೇಳುತ್ತಾರೆ: "ಆರಿದ್ದು ನಿಮ್ಮದೊಂದೇನಾ, ಬೀದಿ ಪೂರ್ತೀನಾ?"

ಕಾರಣವಿದೆ. ಕರೆಂಟು ಹೋಗಿ ಬರುವ ಆಟಕ್ಕೆ ಇಲ್ಲಿನ ಜನ 'ಡುಮ್ಸೊ' ಎನ್ನುತ್ತಾರೆ. ಡುಮ್ ಎಂದರೆ ಆರುವುದು, ಸೊ ಎಂದರೆ ಹೊತ್ತಿಕೊಳ್ಳುವುದು. ತೊಂದರೆ ಏನೆಂದರೆ, ಊರಿಗೆ ಊರೇ ಕತ್ತಲಾದರೂ ಡುಮ್, ಮೇಜಿನ ಮೇಲಿನ ಕಂಪ್ಯೂಟರ್ ಒಂದೇ ನಿಂತುಹೋದರೂ ಡುಮ್. ಒಮ್ಮೆ ಊರಾಚೆಯ ಶಾಲೆಯಿಂದ ಕರೆ ಬಂದು, ಬೈಕಿನ ಹಿಂದೆ ಕೂತು ಧೂಳು ಕುಡಿಯುತ್ತ ಹೋದರು. ಪೆಟ್ಟಿಗೆ ಬಿಚ್ಚಿ, ಒರೆಸಿ, ಜೋಡಿಸಿ ಬೆವರಿಳಿಸಿಕೊಂಡ ಮೇಲೆ ಹೆಡ್‌ಮಾಸ್ಟರು ಮೇಲೆ ನೋಡಿ, "ಅಲ್ಲಾ, ಫ್ಯಾನು ಕೂಡ ತಿರುಗ್ತಿಲ್ವಲ್ಲ" ಎಂದರು.

ಈಗೀಗ ಬರುವ ದೂರುಗಳಲ್ಲಿ ಅರ್ಧಕ್ಕರ್ಧ ಇದೇ: ಯಾರೂ ಮುಟ್ಟದೆ, ಹೇಳದೆ ಕೇಳದೆ ಆರಿಹೋಗುತ್ತದೆ. ಧೂಳು ಒಂದು ಕಾರಣ. ಇನ್ನೊಂದು, ರಕ್ಷಣೆಗೆಂದು ಹಾಕಿಸಿಕೊಂಡ ಆಂಟಿವೈರಸ್ಸೇ. "ಹಳೇ ಯಂತ್ರ, ಸಣ್ಣ ಜೀವ. ಅದರ ಮೇಲೆ ದೊಡ್ಡ ಕಾವಲುಗಾರನನ್ನ ಕೂರಿಸ್ತಾರೆ. ಅವನು ಎದ್ದು ಇಡೀ ಮನೆ ತಡಕೋಕೆ ಶುರು ಮಾಡಿದ್ರೆ ಯಂತ್ರಕ್ಕೆ ಜ್ವರ ಏರುತ್ತೆ. ತೀರಾ ಏರಿದ್ರೆ ತನ್ನ ಪ್ರಾಣ ಉಳಿಸ್ಕೊಳ್ಳೋಕೆ ತಾನೇ ಆರಿಬಿಡುತ್ತೆ. ಅದು ಸಾವಲ್ಲ, ಮೂರ್ಛೆ" ಎಂದು ಡುಫಿಯೆ ವಿವರಿಸುತ್ತಾರೆ. ಹೇಳುವಾಗ ಸುಲಭ. ಹಿಡಿಯುವುದು ಕಷ್ಟ. ಮೂರ್ಛೆ ಹೋದವರು ಎದ್ದ ಮೇಲೆ ಏನಾಯಿತೆಂದು ಹೇಳುವುದಿಲ್ಲವಲ್ಲ.

ಈ ವಾರ ಬೆಳಗಿನಿಂದ ಸಂಜೆಯವರೆಗೆ ಆಕೆಯ ತಲೆ ತಿನ್ನುತ್ತಿರುವುದು ರಸ್ತೆಯ ಆಚೆ ಬದಿಯ ಮುದ್ರಣದಂಗಡಿಯ ಕಂಪ್ಯೂಟರ್. ಗಾಳಿ ಹೊಡೆಸಿಕೊಂಡು ಹಲ್ಲಿ ಕಳೆದುಕೊಂಡದ್ದು ಅದೇ.

ಅಂಗಡಿಯ ಒಡೆಯರನ್ನು ಇಡೀ ಬೀದಿ ವೊಫಾ ಅಂಪೆಮ್ ಎಂದು ಕರೆಯುತ್ತದೆ. ವೊಫಾ ಎಂದರೆ ಸೋದರಮಾವ. ಅವರು ಹೆಚ್ಚಾಗಿ ಮುದ್ರಿಸುವುದು ಶವಸಂಸ್ಕಾರದ ಪುಸ್ತಿಕೆಗಳನ್ನು. ಹೊದಿಕೆಯ ಮೇಲೆ ಸತ್ತವರ ದೊಡ್ಡ ಚಿತ್ರ, ಒಳಗೆ ಬಾಳಿನ ಕಥೆ, ಮಕ್ಕಳು ಮೊಮ್ಮಕ್ಕಳ ಮಾತು. ಅದಿಲ್ಲದೆ ಇಲ್ಲಿ ಯಾರನ್ನೂ ಮಣ್ಣಿಗೆ ಕೊಡುವುದಿಲ್ಲ. ಈ ಶನಿವಾರ ಓಪಾನಿನ್ ಸಾರ್ಪಾಂಗ್ ಎಂಬ ಹಿರಿಯರ ಸರದಿ. ವಾರಗಟ್ಟಲೆ ಶವಾಗಾರದಲ್ಲಿದ್ದ ದೇಹ ಶುಕ್ರವಾರ ಮನೆಗೆ ಬರುತ್ತದೆ. ಶಾಮಿಯಾನ, ಕುರ್ಚಿ, ಧ್ವನಿವರ್ಧಕ, ಕಪ್ಪು-ಕೆಂಪು ಬಟ್ಟೆ ಎಲ್ಲ ಗೊತ್ತಾಗಿದೆ. ಗೊತ್ತಾಗದೆ ಉಳಿದಿರುವುದು ಹೊದಿಕೆಯ ಚಿತ್ರ.

ಚಿತ್ರಗಳು ಎರಡು. ಒಂದರಲ್ಲಿ ಸಾರ್ಪಾಂಗ್ ಕೆಂಟೆ ಎಂಬ ಬಣ್ಣಬಣ್ಣದ ನೇಯ್ಗೆಯ ಬಟ್ಟೆ ಹೊದ್ದು, ಹುಬ್ಬು ಗಂಟಿಕ್ಕಿ, ಪೀಠದ ಮೇಲೆ ಬಿಗಿದು ಕೂತಿದ್ದಾರೆ. ಕುಲದ ಯಜಮಾನರಿಗೆ ಬೇಕಾದದ್ದು ಅದು. ಯಜಮಾನರು ಸತ್ತವರ ತಮ್ಮ, ಒಂದೇ ತಾಯಿಯ ಮಕ್ಕಳು. ಊರು ಅವರನ್ನು ಗೌರವದಿಂದ ನಾನಾ ಎನ್ನುತ್ತದೆ. ಇನ್ನೊಂದನ್ನು ಮಗಳು ನ್ಯಾರ್ಕೊವಾ ತನ್ನ ಮೊಬೈಲಿನಲ್ಲಿ ತೆಗೆದದ್ದು. ಆಕೆ ಗೆಣಸಿನ ವ್ಯಾಪಾರಿ. ಅಪ್ಪನನ್ನು ಗೆಣಸಿನ ರಾಶಿಯ ಪಕ್ಕ ಕೂರಿಸಿ, "ಗಂಭೀರವಾಗಿ ಕೂತ್ಕೊಳಪ್ಪ" ಎಂದಿದ್ದಕ್ಕೆ ಆತ ಬಾಯಿ ತುಂಬ ನಕ್ಕುಬಿಟ್ಟಿದ್ದರು. ಮುಂದಿನ ಒಂದು ಹಲ್ಲಿಲ್ಲ.

"ಕುಲದ ಹಿರಿಯನ ಬಾಯಲ್ಲಿ ಹಲ್ಲಿಲ್ಲ ಅಂತ ಊರಿಗೆಲ್ಲ ಅಚ್ಚು ಹಾಕಿ ಹಂಚೋದಾ?" ಎಂದು ನಾನಾ ಗುಡುಗಿದ್ದರು.

"ನನಗೆ ನೆನಪಿರೋ ಅಪ್ಪ ಆ ಪೀಠದ ಮೇಲಿಲ್ಲ ನಾನಾ. ಅವರು ಇಲ್ಲಿದಾರೆ" ಎಂದು ನ್ಯಾರ್ಕೊವಾ ಪೆನ್ ಡ್ರೈವ್ ಮುಂದೆ ಹಿಡಿದಿದ್ದರು.

ಇಲ್ಲಿ ಹೆಣ ತಾಯಿಯ ಕಡೆಯ ಕುಲದ್ದು, ಮಕ್ಕಳದ್ದಲ್ಲ. ಮಕ್ಕಳು ಬೇಡಿಕೊಳ್ಳಬಹುದು, ಅಷ್ಟೆ. ನಾನಾ ಕೊನೆಗೆ, ನೋಡೋಣ, ಎರಡನ್ನೂ ಪರದೆಯ ಮೇಲೆ ತೋರಿಸಿ ಎಂದರು. ಬಿಗಿದು ಕೂತ ಚಿತ್ರ ಸಲೀಸಾಗಿ ಬಂತು. ನಗುವ ಚಿತ್ರ ಬಂತು, ಎಲ್ಲರೂ ನೋಡಿದರು, ನಾನಾ ಏನೋ ಹೇಳಲು ಬಾಯಿ ತೆರೆದರು, ಡುಮ್. ಕಂಪ್ಯೂಟರ್ ಆರಿತು. ಮತ್ತೆ ಹಚ್ಚಿದರು. ನಗುವ ಚಿತ್ರ, ಮತ್ತೆ ಡುಮ್. ಮೂರನೆಯ ಸಲಕ್ಕೆ ನಾನಾ ಎದ್ದು ನಿಂತರು.

"ಸಾಕು. ಅವನೇ ಬೇಡ ಅಂತಿದಾನೆ. ಇನ್ನೇನ್ ಬೇಕು ನಿಮಗೆ?"

ನ್ಯಾರ್ಕೊವಾ ಅಳುತ್ತ ರಸ್ತೆ ದಾಟಿ ಡುಫಿಯೆಯ ಬೆಂಚಿನ ಮೇಲೆ ಬಂದು ಕೂತರು. "ತಂಗೀ, ಅಪ್ಪ ನಿಜವಾಗ್ಲೂ ಬೇಡ ಅಂದ್ರೆ ನಾನು ಸುಮ್ಮನಾಗ್ತೀನಿ. ಬೇಡ ಅಂದಿದ್ದು ಅಪ್ಪನಾ, ಪೆಟ್ಟಿಗೇನಾ, ಅಷ್ಟು ಹೇಳು."

ಅಷ್ಟು ಹೇಳುವುದೇ ಕಷ್ಟವಾಗಿದೆ. ಡುಫಿಯೆ ಪೆಟ್ಟಿಗೆಯನ್ನು ತಮ್ಮ ಅಂಗಡಿಗೆ ತಂದು, ಗಾಳಿ ಹೊಡೆಸಿ, ಹಾಡು ಹಚ್ಚಿ ಇಡೀ ಹಗಲು ಓಡಿಸಿದರು. ಒಮ್ಮೆಯೂ ಆರಲಿಲ್ಲ. ಪವರ್ ಸಪ್ಲೈ ಸೋತಿರಬಹುದೆಂದು ಬೇರೆ ಹಾಕಿದರು. ಪೆನ್ ಡ್ರೈವನ್ನು ತಮ್ಮದೇ ಕಂಪ್ಯೂಟರಿಗೆ ಚುಚ್ಚಿ ನೋಡಿದರು. ಸಾರ್ಪಾಂಗ್ ಬಾಯಿ ತುಂಬ ನಗುತ್ತ ಅಲುಗದೆ ಕೂತಿದ್ದರು. ಪೆಟ್ಟಿಗೆ ಒಳ್ಳೆಯದು, ಪೆನ್ ಡ್ರೈವ್ ಒಳ್ಳೆಯದು. ಅಂಪೆಮ್ ಅವರ ಅಂಗಡಿಗೆ ವಾಪಸ್ಸು ಒಯ್ದು ಎರಡನ್ನೂ ಜೋಡಿಸಿದರೆ, ಡುಮ್.

"ನನ್ನ ಮೊದಲ ಮದುವೆ ಥರ ಆಯ್ತು ಮಾಸ್ಟರ್" ಎಂದರು ಬುಕಾರಿ, ಗಂಜಿಗೆ ಕೋಸೆ ವಡೆ ಅದ್ದುತ್ತ. "ಅವಳೂ ಒಳ್ಳೆಯವಳೇ, ನಾನೂ ಒಳ್ಳೆಯವನೇ. ಒಂದೇ ಕೋಣೇಲಿಟ್ರೆ ಬೆಂಕಿ."

"ನೀನು ಒಳ್ಳೆಯವನು ಅಂತ ಯಾರ್ ಹೇಳಿದ್ರು?"

"ಅವಳೇ. ಬಿಟ್ಟುಹೋದ ಮೇಲೆ."

ಡುಫಿಯೆಗೆ ನಗು ಬರಲಿಲ್ಲ. ಹಿಂದಿನ ದಿನ ಅಂಪೆಮ್ ಅವರ ಅಂಗಡಿಯ ಗೋಡೆ, ಪ್ಲಗ್ಗು, ತಂತಿ ಎಲ್ಲ ತಡಕಿ ಮುಗಿಸಿದ್ದರು. ಒಂದು ಗಳಿಗೆ ಆಕೆಗೂ ಮುದುಕಪ್ಪನ ಮೇಲೇ ಅನುಮಾನ ಬಂದದ್ದು ಸುಳ್ಳಲ್ಲ. "ಪರದೆ ಆರೋ ಮುಂಚೆ ಅವರ ಮುಖ ನೋಡ್ತಿದ್ದೆ. ಸಿಟ್ಟು ಮಾಡ್ಕೊಂಡ ಹಾಗೆ ಕಾಣ್ತಿತ್ತು. ನಗ್ತಿರೋ ಚಿತ್ರ ಸಿಟ್ಟು ಹೇಗೆ ಮಾಡ್ಕೊಳ್ಳುತ್ತೆ ಹೇಳಿ? ನನ್ನ ತಲೆ ಅಷ್ಟು ಕೆಟ್ಟಿತ್ತು" ಎನ್ನುತ್ತಾರೆ.

ಗುರುವಾರ ಬೆಳಿಗ್ಗೆ ಆಕೆ ನೋಡುವುದನ್ನು ಬಿಟ್ಟು ಕೇಳಲು ಕೂರುತ್ತಾರೆ. ಅಂಪೆಮ್ ಅವರ ಪೆಟ್ಟಿಗೆ ಕೆತ್ತನೆಯ ಮರದ ಕಪಾಟಿನೊಳಗಿದೆ. ಧೂಳು ತಾಗದಿರಲೆಂದು ಮೇಲೆ ಎರಡು ಮಡಿಕೆ ಬಟ್ಟೆ ಹೊದಿಸಿದ್ದಾರೆ. ಡುಫಿಯೆ ಬಟ್ಟೆಯ ಮೇಲೆ ಕೆನ್ನೆಯಿಟ್ಟು, ಪೆನ್ ಡ್ರೈವ್ ಚುಚ್ಚಲು ಹೇಳುತ್ತಾರೆ. ಚುಚ್ಚಿದ ಕೂಡಲೇ ಒಳಗಿನ ಫ್ಯಾನು ಹುಯಿಲಿಡತೊಡಗುತ್ತದೆ.

"ಬಿಗಿದು ಕೂತಿರೋ ಚಿತ್ರ ತೆಗೆಯುವಾಗ ಹೀಗೆ ಕೂಗಲ್ವಲ್ಲ ವೊಫಾ?"

"ಅದು ಮೊದಲಿಂದ ಪೆಟ್ಟಿಗೆ ಒಳಗೇ ಇದೆ ಸಿಸ್ಟರ್. ಕಾಗದದ ಫೋಟೋ ಸ್ಕ್ಯಾನ್ ಮಾಡಿ ನಾನೇ ಇಳಿಸಿಟ್ಟಿದ್ದು."

"ಮತ್ತೆ ಇದನ್ನ ಒಳಗೆ ಇಳಿಸ್ಕೊಂಡಿಲ್ವಾ?"

ಅಂಪೆಮ್ ಬೆಚ್ಚಿಬೀಳುತ್ತಾರೆ. "ಬೇರೆಯವರ ಪೆನ್ ಡ್ರೈವಲ್ಲಿರೋದನ್ನ ಒಳಗೆ ಬಿಟ್ಕೋತಾರಾ? ವೈರಸ್ ಬರಲ್ವಾ? ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸ್ತೀನಿ ನಾನು."

ಹಾಗಾಗಿ ಚಿತ್ರ ಬೇಕಾದಾಗಲೆಲ್ಲ ಪೆನ್ ಡ್ರೈವ್ ಚುಚ್ಚುವುದು, ತೆಗೆಯುವುದು. ಅದರೊಳಗೆ ಸಾರ್ಪಾಂಗ್ ಒಬ್ಬರೇ ಇಲ್ಲ. ನ್ಯಾರ್ಕೊವಾ ಹೋಗಿಬಂದ ಮದುವೆ, ನಾಮಕರಣಗಳ ಚಿತ್ರಗಳು, ಚರ್ಚಿನ ಹಾಡಿನ ವಿಡಿಯೋಗಳು ಎಲ್ಲ ಇವೆ. ಒಂದೊಂದು ಸಲ ಚುಚ್ಚಿದಾಗಲೂ ಕಾವಲುಗಾರ ಅಷ್ಟನ್ನೂ ತಡಕಬೇಕು. ಆದರೆ ಡುಫಿಯೆ ತಾವೇ ಹಾಕಿದ್ದ ಆಂಟಿವೈರಸ್ ಹಗುರದ್ದು. ಅದೊಂದಕ್ಕೇ ಇಷ್ಟು ಜ್ವರ ಬರಬಾರದು.

ಕಂಪ್ಯೂಟರಿನೊಳಗೆ ಯಾರು ಎಷ್ಟು ದುಡಿಯುತ್ತಿದ್ದಾರೆ ಎಂದು ತೋರಿಸುವ ಪುಟ ತೆರೆಯುತ್ತಾರೆ. ಅರ್ಧ ಭಾರ ತಮ್ಮ ಕಾವಲುಗಾರನದ್ದು. ಇನ್ನರ್ಧ ಹೆಸರೇ ಗೊತ್ತಿಲ್ಲದ ಮತ್ತೊಬ್ಬನದ್ದು.

"ಸಿಕ್ಕಿದ ಕಳ್ಳ!" ಎಂದು ಡುಫಿಯೆ ಕುರ್ಚಿಯಿಂದೇಳುತ್ತಾರೆ. "ವೈರಸ್ ಒಳಗೇ ಇದೆ ವೊಫಾ, ನೋಡಿ, ಆರಾಮಾಗಿ ಕೂತು ಉಣ್ತಿದೆ!" ಅಳಿಸಲು ನೋಡುತ್ತಾರೆ. ಆಗುವುದಿಲ್ಲ. ನಿಲ್ಲಿಸಲು ನೋಡುತ್ತಾರೆ. ಅನುಮತಿ ಇಲ್ಲ ಎಂದು ಬರುತ್ತದೆ. "ಎಷ್ಟು ಕೊಬ್ಬು ನೋಡಿ ಇದಕ್ಕೆ! ಇವತ್ತು ಇದರ ಬೇರು ಕೀಳದೆ ಬಿಡಲ್ಲ."

ಅಂಪೆಮ್ ಕೆಮ್ಮುತ್ತಾರೆ. ಕನ್ನಡಕ ತೆಗೆದು ಒರೆಸುತ್ತಾರೆ. ಹೊರಗೆ ಹೋಗಿ ಉಗುಳಿ ಬರುತ್ತಾರೆ.

"ಸಿಸ್ಟರ್... ಅದು ಕಳ್ಳ ಅಲ್ಲ."

"ಮತ್ತೆ?"

"ಅತಿಥಿ."

ವಿಷಯ ಹೊರಬರುತ್ತದೆ. ಕ್ರಿಸ್‌ಮಸ್ಸಿನ ಹೊತ್ತಿಗೆ ಸುನ್ಯಾನಿ ಪಟ್ಟಣದಿಂದ ಬಂದಿದ್ದ ರಿಪೇರಿಯವನೊಬ್ಬ, ಒಂದು ಕಾವಲು ಸಾಲದು ಎಂದು ಹೆದರಿಸಿ ಇನ್ನೊಂದು ಆಂಟಿವೈರಸ್ ಹಾಕಿಕೊಟ್ಟಿದ್ದಾನೆ. ಆಸ್ಪತ್ರೆಯ ಗುಳಿಗೆಯನ್ನೂ ಬೇರಿನ ಕಷಾಯವನ್ನೂ ಒಟ್ಟಿಗೆ ಕುಡಿದು, ವೈದ್ಯರಿಬ್ಬರಿಗೂ ಹೇಳದೆ ಇರುವವರ ಊರು ಇದು. ಅಂಪೆಮ್ ಅದನ್ನೇ ಮಾಡಿದ್ದಾರೆ. ಅಷ್ಟೇ ಅಲ್ಲ, ಅದರ ಗುರುತು ಪರದೆಯ ಮೇಲೆ ಕಾಣದಂತೆ ಅವನ ಕೈಲೇ ಮರೆಮಾಡಿಸಿದ್ದಾರೆ.

"ಮರೆ ಯಾಕೆ ಮಾಡಿಸಿದ್ರಿ ವೊಫಾ?"

"ನೀವು ನೋಡಿದ್ರೆ ಬೇಜಾರ್ ಮಾಡ್ಕೋತೀರ ಅಂತ. ಇಷ್ಟು ವರ್ಷದಿಂದ ನೋಡ್ಕೊಂಡಿದೀರ. ನಿಮ್ಮ ಮೇಲೆ ನಂಬಿಕೆ ಇಲ್ಲ ಅಂದ್ಕೊಂಡ್ರೆ?"

ಡುಫಿಯೆ ತಲೆಯ ಮೇಲೆ ಕೈಯಿಟ್ಟು ಕೂರುತ್ತಾರೆ. ಸಿಟ್ಟು ಮಾಡಬೇಕೋ ನಗಬೇಕೋ ತಿಳಿಯುವುದಿಲ್ಲ. ಒಂದೇ ಬಾಗಿಲಿಗೆ ಇಬ್ಬರು ಕಾವಲುಗಾರರು. ಒಬ್ಬ ಇದ್ದಾನೆಂದು ಇನ್ನೊಬ್ಬನಿಗೆ ಯಾರೂ ಹೇಳಿಲ್ಲ. ಪೆನ್ ಡ್ರೈವ್ ಬಂದ ಕೂಡಲೇ ಇಬ್ಬರೂ ಅದರ ಮೇಲೆ ಬೀಳುತ್ತಾರೆ, ಒಬ್ಬ ಮುಟ್ಟಿದ್ದನ್ನು ಇನ್ನೊಬ್ಬ ಮತ್ತೆ ತಡಕುತ್ತಾನೆ. ಮೇಲೆ ಕಪಾಟು, ಅದರ ಮೇಲೆ ಬಟ್ಟೆ. ತಮ್ಮ ಅಂಗಡಿಯಲ್ಲಿ ಪೆಟ್ಟಿಗೆ ಯಾಕೆ ಆರಲಿಲ್ಲ ಎಂಬುದಕ್ಕೂ ಉತ್ತರ ಸಿಕ್ಕಂತಾಯಿತು. ಅಲ್ಲಿ ಬಟ್ಟೆ ಇರಲಿಲ್ಲ, ಪೆನ್ ಡ್ರೈವೂ ಇರಲಿಲ್ಲ.

ಒಂದನ್ನು ತೆಗೆಯಬೇಕು. ಡುಫಿಯೆ ತೆಗೆಯುವುದು ತಮ್ಮದನ್ನು.

"ನಿಮ್ಮದ್ಯಾಕೆ ತೆಗೀತೀರಾ ಸಿಸ್ಟರ್? ಅವನದು ಕಿತ್ತು ಬಿಸಾಕಿ" ಎಂದು ಅಂಪೆಮ್ ನೊಂದುಕೊಳ್ಳುತ್ತಾರೆ.

"ಅವನದು ಹೊಸದು ವೊಫಾ, ಗಟ್ಟಿಮುಟ್ಟಾಗಿದೆ. ಮನೆ ಉಳಿದ್ರೆ ಸಾಕು, ಬಾಗಿಲಲ್ಲಿ ಯಾರು ನಿಂತ್ರೆ ನನಗೇನು? ಆದ್ರೆ ಆ ಬಟ್ಟೆ ಮಾತ್ರ ಇನ್ನೊಂದ್ಸಲ ಕಂಡ್ರೆ ನಾನೇ ಉಟ್ಕೊಂಡು ಹೋಗ್ತೀನಿ."

ಮಧ್ಯಾಹ್ನ ನಾನಾ ಬರುತ್ತಾರೆ. ಕೈಯಲ್ಲಿ ಊರುಗೋಲು, ಹಿಂದೆ ನ್ಯಾರ್ಕೊವಾ. ಶುಕ್ರವಾರ ಬೆಳಿಗ್ಗೆಗೆ ಪುಸ್ತಿಕೆ ಅಚ್ಚಾಗಿ ಸಿದ್ಧವಾಗಬೇಕು. ಇವತ್ತು ತೀರ್ಮಾನವಾಗದಿದ್ದರೆ ಬಿಗಿದು ಕೂತ ಚಿತ್ರವೇ ಸೈ. ನಾನಾ ಒಳಗೆ ಕಣ್ಣಾಡಿಸಿ ಕೇಳುತ್ತಾರೆ: "ಮಾಸ್ಟರ್ ಎಲ್ಲಿ?"

"ಊಟಕ್ಕೆ ಹೋಗಿದಾರೆ ನಾನಾ" ಎನ್ನುತ್ತಾರೆ ಡುಫಿಯೆ. "ನಿಮ್ಮ ಅಣ್ಣ ಬೇಡ ಅಂದಿರ್ಲಿಲ್ಲ. ಬಾಗಿಲಲ್ಲಿ ಇಬ್ಬರು ಕಾವಲುಗಾರರು ನಿಂತು ಒಳಗೆ ಬಿಡ್ತಿರ್ಲಿಲ್ಲ. ಕಾವಲುಗಾರರಿಗೆ ಅವರ ಗುರುತು ಸಿಗಲಿಲ್ಲ, ಅಷ್ಟೆ."

ನಾನಾ ಊರುಗೋಲನ್ನು ನೆಲಕ್ಕೆ ಒತ್ತುತ್ತಾರೆ. "ಆರಿದಾಗ ಅವನು ಬೇಡ ಅಂದ ಅಂತ ನಾನೇ ಅಂದಿದ್ದೆ. ಆರದೆ ನಿಂತ್ರೆ ಬೇಕು ಅಂದ ಅಂತ ಒಪ್ಕೊಳ್ಳೋದು ನ್ಯಾಯ. ಹಚ್ಚಿ."

ಚಿತ್ರ ಈಗ ಪೆಟ್ಟಿಗೆಯ ಒಳಗೇ ಇದೆ. ತೆರೆದುಕೊಳ್ಳುತ್ತದೆ. ಗೆಣಸಿನ ರಾಶಿ, ಪ್ಲಾಸ್ಟಿಕ್ ಕುರ್ಚಿ, ಹಲ್ಲಿಲ್ಲದ ನಗು. ಫ್ಯಾನು ಸದ್ದಿಲ್ಲದೆ ತಿರುಗುತ್ತಿದೆ. ನಾನಾ ಕುರ್ಚಿ ಎಳೆದುಕೊಂಡು ಅಣ್ಣನ ಎದುರಿಗೆ ಕೂರುತ್ತಾರೆ, ಊರುಗೋಲಿನ ಮೇಲೆ ಗಲ್ಲವಿಟ್ಟು ನೋಡುತ್ತಾರೆ. ತುಂಬ ಹೊತ್ತು ನೋಡುತ್ತಾರೆ. ಚಿತ್ರ ಅಲುಗದೆ ನಿಂತಿದೆ. ನ್ಯಾರ್ಕೊವಾ ಕೈಮುಗಿದುಕೊಂಡಿದ್ದಾರೆ.

ಡುಮ್.

"ನೋಡಿದ್ರಾ!" ನಾನಾ ಎದ್ದು ನಿಲ್ಲುತ್ತಾರೆ. ನ್ಯಾರ್ಕೊವಾ ಪರದೆಯ ಹತ್ತಿರಕ್ಕೆ ಓಡುತ್ತಾರೆ. ಅಂಪೆಮ್ ಎರಡೂ ಕೈ ಮೇಲೆತ್ತಿ ದೇವರನ್ನು ಕರೆಯುತ್ತಾರೆ. ಡುಫಿಯೆಯ ಬಾಯಿಂದ ವರ್ಷಗಳ ಅಭ್ಯಾಸದ ಮಾತೊಂದೇ ಬರುತ್ತದೆ. ಬಾಗಿಲಿಗೆ ಓಡಿ ರಸ್ತೆಯ ಆಚೆಗೆ ಕೂಗುತ್ತಾರೆ.

"ಬುಕಾರೀ! ಆರಿದ್ದು ನಮ್ಮದೊಂದೇನಾ, ಬೀದಿ ಪೂರ್ತೀನಾ?"

ಬುಕಾರಿ ರಸ್ತೆಗಿಳಿದು ಎರಡೂ ಕಡೆ ನೋಡುತ್ತಾರೆ. ಆಮೇಲೆ ಎಲ್ಲರೂ ಗಮನಿಸುತ್ತಾರೆ, ಕ್ಷೌರದಂಗಡಿಯ ಹಾಡು ನಿಂತಿದೆ. ಮೀನಿನಂಗಡಿಯ ಫ್ರೀಜರಿನ ಗುಂಯ್ ಸದ್ದೂ ಇಲ್ಲ.

"ಬೀದಿ ಪೂರ್ತಿ ಮಾಸ್ಟರ್! ಮಸೀದೀದೂ ಹೋಯ್ತು, ಚರ್ಚಿಂದೂ ಹೋಯ್ತು!"

ಡುಮ್ಸೊ ಬಂದದ್ದಕ್ಕೆ ಈ ಊರಿನಲ್ಲಿ ಯಾರಾದರೂ ಕುಣಿದಿದ್ದರೆ ಅದು ಅವತ್ತು ನ್ಯಾರ್ಕೊವಾ ಒಬ್ಬರೇ ಇರಬೇಕು. ನಾನಾ ಮಾತ್ರ ಗೊಂದಲದಲ್ಲಿ ನಿಂತಿದ್ದಾರೆ.

"ಹಾಗಾದ್ರೆ... ಅವನು ಇಡೀ ಬೀದೀನೇ ಬೇಡ ಅಂದ್ನಾ?"

"ನಾನಾ, ಅಷ್ಟು ಶಕ್ತಿ ಇದ್ದಿದ್ರೆ ಅವರು ಸಾಯ್ತಾನೇ ಇರಲಿಲ್ಲ" ಎನ್ನುತ್ತಾರೆ ಅಂಪೆಮ್.

ನಾನಾ ತಡೆದುಕೊಳ್ಳಲು ನೋಡುತ್ತಾರೆ. ಆಗುವುದಿಲ್ಲ. ಭುಜ ಕುಲುಕಿ, ಬಾಯಿ ತುಂಬ ನಗುತ್ತಾರೆ. ಅವರ ಮುಂದಿನ ಹಲ್ಲೂ ಒಂದಿಲ್ಲ. ಕೈಯಿಂದ ಬಾಯಿ ಮುಚ್ಚಿಕೊಳ್ಳುವಷ್ಟರಲ್ಲಿ ನ್ಯಾರ್ಕೊವಾ ನೋಡಿಬಿಟ್ಟಿದ್ದಾರೆ. ಅಪ್ಪನ ನಗುವನ್ನೇ ಕಂಡವರಂತೆ ಚಿಕ್ಕಪ್ಪನ ಮುಖವನ್ನು ನೋಡುತ್ತ ನಿಲ್ಲುತ್ತಾರೆ. ನಾನಾ ನಿಧಾನವಾಗಿ ಬಾಯಿಂದ ಕೈ ತೆಗೆಯುತ್ತಾರೆ.

"ಲೈಟ್ ಬರ್ಲಿ. ಬಂದ ಮೇಲೂ ಅವನು ನಗ್ತಿದ್ರೆ, ಅದನ್ನೇ ಹಾಕಿ."

ಸೂರ್ಯ ಕೆಂಪಗಾಗುವ ಹೊತ್ತಿಗೆ ಕರೆಂಟು ಬರುತ್ತದೆ. ಸಾರ್ಪಾಂಗ್ ನಗುತ್ತಲೇ ಇದ್ದಾರೆ.

ಶನಿವಾರ ಡುಫಿಯೆ ಅಂಗಡಿಯಲ್ಲೇ ಇದ್ದಾರೆ. ಹೊಸದೊಂದು ಪೆಟ್ಟಿಗೆ ಬಂದಿದೆ, ಅದೂ ಹೇಳದೆ ಆರುತ್ತದಂತೆ. ಎಲ್ಲ ಗೊತ್ತಾಗಿಬಿಟ್ಟಿದೆ ಎಂದು ಆಕೆ ಹೇಳುವುದಿಲ್ಲ. "ಆರಿಸಿದ್ದು ಇಬ್ಬರು ಕಾವಲುಗಾರರಾ, ಆ ಬಟ್ಟೇನಾ, ಆ ಮರದ ಕಪಾಟೇನಾ, ನನಗಿನ್ನೂ ಸರಿಯಾಗಿ ಗೊತ್ತಿಲ್ಲ. ಎಲ್ಲಾ ಸೇರಿ ಇರಬಹುದು. ಈಗ ಆರ್ತಿಲ್ಲ, ಅಷ್ಟು ಗೊತ್ತು" ಎನ್ನುತ್ತಾರೆ.

ಏನಾದರೂ ಆಸೆ ಇದೆಯೇ ಎಂದರೆ ತಿರುಪು ತಿರುಗಿಸುತ್ತಲೇ ಯೋಚಿಸುತ್ತಾರೆ. "ಆರಿದಾಗ ಎಲ್ಲರೂ ಫೋನ್ ಮಾಡ್ತಾರೆ. ಉರೀತಿದೆ ಅಂತ ಹೇಳೋಕೆ ಯಾರಾದ್ರೂ ಒಂದ್ಸಲ ಫೋನ್ ಮಾಡಿದ್ರೆ, ಅದನ್ನ ಕೇಳ್ಬೇಕು ಅಂತ ಆಸೆ."

ಸ್ವಲ್ಪ ಹೊತ್ತಿಗೆ ಫೋನ್ ರಿಂಗಾಗುತ್ತದೆ. ಡುಫಿಯೆ ಎತ್ತಿ, ಹೆಸರೂ ನೋಡದೆ ಕೇಳುತ್ತಾರೆ: "ಆರಿದ್ದು ನಿಮ್ಮದೊಂದೇನಾ, ಬೀದಿ ಪೂರ್ತೀನಾ?"

ಆ ಕಡೆ ಡೋಲಿನ ಸದ್ದು, ಗದ್ದಲ, ಹಾಡು. ನಡುವೆ ನ್ಯಾರ್ಕೊವಾ ಅವರ ದನಿ.

"ಏನೂ ಆರಿಲ್ಲ ತಂಗೀ. ಎಲ್ಲರ ಕೈಯಲ್ಲೂ ಅಪ್ಪ ನಗ್ತಿದಾರೆ. ಬೀದಿ ಪೂರ್ತಿ."